ದೇವರ ಹೆಸರಲ್ಲಿ ಕೇಳಿದ ಹೂಗಿಡ

ಲತಾಮಣಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಎಂಬುದು ಬೆಳಗಿನ ಹೊತ್ತು ತೊಟ್ಟಿಗೆ ತಂಬಿಗೆ ಬೀಳುವ ಸದ್ದಿನಲ್ಲೇ ಅವಳ ಗಂಡ ತಿಮ್ಮಯ್ಯನಿಗೆ ಗೊತ್ತಾಗಿಬಿಡುತ್ತಿತ್ತು. ಮೆಲ್ಲಗೆ ಮುಳುಗಿದರೆ ಸರಿ. ಠಪ್ಪೆಂದು ಬಡಿದರೆ ಅವತ್ತು ಅವನು ಕಾಫಿ ಕೇಳದೆ ಹಿಪ್ಪುನೇರಳೆ ಹೊಲದ ಕಡೆ ನಡೆದುಬಿಡುತ್ತಿದ್ದ. ಬೇಲಿಯಾಚೆ ಕಲ್ಲು ಕೊಯ್ದು ಪಾಲಿಶ್ ಮಾಡುವ ಯೂನಿಟ್ಟು ಬಂದ ಮೇಲೆ ತಂಬಿಗೆ ಮೆಲ್ಲಗೆ ಮುಳುಗಿದ ದಿನವೇ ಇರಲಿಲ್ಲ.

ಅವಳು ಹುಟ್ಟಿದ್ದು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಲ್ಲಿ. ರಾಗಿ, ಹುರುಳಿ, ಅವರೆ ಬಿಟ್ಟರೆ ಬೇರೆ ಮಾತಿಲ್ಲದ ಮನೆ. ಚಿಕ್ಕಂದಿನಲ್ಲಿ ಹಿತ್ತಲಲ್ಲಿ ಒಂದಿಷ್ಟು ಕೋಳಿಜುಟ್ಟಿನ ಗಿಡ ಹಾಕಿಕೊಂಡಿದ್ದಳು. ಅವು ಕೆಂಪಗೆ ಜುಟ್ಟು ಬಿಡುವ ಹೊತ್ತಿಗೆ ಅಪ್ಪ ಕಳೆಯ ಜೊತೆಗೆ ಅವನ್ನೂ ಕಿತ್ತು ಎಮ್ಮೆಯ ಮುಂದೆ ಹಾಕಿದ್ದ. "ತಿನ್ನಕ್ಕಾಗಲ್ಲ, ಮಾರಕ್ಕಾಗಲ್ಲ, ಯಾಕವ್ವ ಬೇಕು?" ಅಂದಿದ್ದ. ಅವಳು ಎರಡು ದಿನ ಉಣ್ಣಲಿಲ್ಲ. ಮದುವೆಯಾಗಿ ಕನಕಪುರದಿಂದ ಕೋಡಿಹಳ್ಳಿಗೆ ಹೋಗುವ ರಸ್ತೆಯ ಒಳಗಿರುವ ಹುಣಸೆದೊಡ್ಡಿಗೆ ಬಂದಾಗ ಅತ್ತೆ ಮುನಿಯಮ್ಮನನ್ನು ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಬಾಗಿಲಿನಿಂದ ಬೇಲಿಯವರೆಗಿನ ಒಂದು ಪಟ್ಟೆ ಮಣ್ಣು ಕೇಳಿದಳು.

"ತಗಳವ್ವ," ಅಂತ ಮುನಿಯಮ್ಮ ನಕ್ಕಿದ್ದಳು. "ಅದೇನ್ ಚಿನ್ನ ಬೆಳೀತೀಯೋ ಬೆಳ್ಕೊ."

ಮನೆಯಲ್ಲಿ ರೇಷ್ಮೆಹುಳ ಸಾಕುತ್ತಿದ್ದರು. ಹುಳದ ಹಿಕ್ಕೆ, ತಿಂದುಳಿದ ಸೊಪ್ಪಿನ ಕಡ್ಡಿ ಎಲ್ಲಾ ಆ ಪಟ್ಟೆಗೆ ಹೋಯಿತು. ಮಣ್ಣು ಬೆಣ್ಣೆಯಂತಾಯಿತು. ಕಾರಹುಣ್ಣಿಮೆ ಕಳೆದು ಬಿತ್ತಿದರೆ ಗೌರಿಹಬ್ಬಕ್ಕೆ ಸರಿಯಾಗಿ ಹೂ. ಕಾಂಡಕ್ಕೆ ಅಂಟಿಕೊಂಡೇ ಗುಲಾಬಿ ಬಣ್ಣದಲ್ಲಿ ಅರಳುವ ಗೌರಿಹೂ, ಮೊಣಕಾಲೆತ್ತರದ ಕೋಳಿಜುಟ್ಟು, ಗಾಳಿ ಬಂದರೆ ತಲೆಯಾಡಿಸುವ ಕಾಸ್ಮಾಸ್, ಅಂಚಿಗೆ ಟೇಬಲ್ ರೋಸ್. ಜೀನಿಯಾ ಬೀಜ ಕೊಟ್ಟವಳು ರಾಮನಗರದ ಗುಲ್ಜಾರ್ ಬೀ, ನೂಲು ತೆಗೆಯುವ ಮನೆಯವಳು. ಗಂಡನ ಜೊತೆ ಗೂಡಿನ ಮಾರುಕಟ್ಟೆಗೆ ಹೋದಾಗ ಪರಿಚಯವಾಗಿದ್ದಳು. "ಹಾಕ್ ನೋಡಮ್ಮಾ, ಈ ಹೂವಿಗೆ ಸುಸ್ತೇ ಆಗಲ್ಲ," ಅಂದಿದ್ದಳು. ಆ ಮಾತು ಸುಳ್ಳಾಗಲಿಲ್ಲ.

ದೀಪಾವಳಿ ದಾಟಿದರೆ ಎಲ್ಲವೂ ಬೀಜ ಕಟ್ಟಿ ಒಣಗಿ ನೆಲಕ್ಕೆ ಬೀಳುತ್ತಿದ್ದವು. ಅದಕ್ಕವಳು ಅಳುತ್ತಿರಲಿಲ್ಲ. "ಒಂದೇ ಮಳೆಗಾಲ ಬರ್ಕೊಂಡ್ ಬಂದವೆ, ಅಷ್ಟ್ರಲ್ಲೇ ಎಲ್ಲಾ ಮಾಡ್ ಮುಗಿಸ್ತವೆ. ನಾವ್ ನೋಡು, ಎಷ್ಟ್ ವರ್ಸ ಸಿಕ್ಕುದ್ರೂ ಸಾಲ್ದು," ಅನ್ನುತ್ತಿದ್ದಳು. ಬೆಳಿಗ್ಗೆ ದೇವರಿಗೆ ಒಂದು ಹಿಡಿ ಹೂ ಕೊಯ್ದರೆ ಮುಗಿಯಿತು, ಉಳಿದದ್ದು ಗಿಡದಲ್ಲೇ. ದೀಪ ಹಚ್ಚಿದ ಮೇಲೆ ಗಿಡ ಮುಟ್ಟುತ್ತಿರಲಿಲ್ಲ.

ಆಮೇಲೆ ಹಾರೋಹಳ್ಳಿ ಕಡೆಯಿಂದ ಫ್ಯಾಕ್ಟರಿಗಳು ಒಂದೊಂದಾಗಿ ಒಳಗಿನ ಊರುಗಳಿಗೂ ಕಾಲಿಟ್ಟವು. ಎರಡು ಸಾವಿರದ ಆರನೇ ಇಸವಿಯಲ್ಲಿ ಹುಣಸೆದೊಡ್ಡಿಯ ಪಡುವಲ ದಿಕ್ಕಿಗೆ, ಲತಾಮಣಿಯ ಬೇಲಿಗೆ ತಗುಲಿದಂತೆ, ಆ ಕಲ್ಲಿನ ಯೂನಿಟ್ಟು ಎದ್ದಿತು. ತಿಮ್ಮಯ್ಯನ ಚಿಕ್ಕಪ್ಪನ ಮಗ ಜಯಕುಮಾರ್ ಅಲ್ಲಿ ಸೂಪರ್‌ವೈಸರ್ ಆದ. ಶರ್ಟಿನ ಜೇಬಿನಲ್ಲಿ ಪೆನ್ನು ಬಂತು, ಬೈಕು ಬಂತು. "ಊರಿಗೆ ಬೆಳಕು ಬತ್ತಾ ಐತೆ ಅತ್ಗೆ," ಅಂತ ಅವನು ಹೇಳಿದ. ಬಂದದ್ದು ಧೂಳು. ಅಕ್ಕಿಹಿಟ್ಟಿನಂಥ ಬಿಳಿ ಧೂಳು. ಮಳೆಗಾಲದಲ್ಲಿ ಗಾಳಿ ಪಡುವಲಿನಿಂದಲೇ ಬೀಸುವುದು; ಮಳೆ ಒಂದು ದಿನ ಬಿಡುವು ಕೊಟ್ಟರೆ ಸಾಕು, ಧೂಳು ನೇರವಾಗಿ ಅವಳ ಮನೆಯ ಮೇಲೆ.

ಹೂಗಿಡಗಳನ್ನು ಅವಳು ದಿನವೂ ತೊಳೆದಳು. ಸೂರ್ಯ ಹುಟ್ಟುವ ಮೊದಲೇ ತಂಬಿಗೆ ಹಿಡಿದು ಒಂದೊಂದು ಎಲೆಯ ಮೇಲೂ ನೀರು ಬಿಟ್ಟು, ಬೆರಳಿನಿಂದ ಒರೆಸಿ. ಆದರೆ ಹಿಪ್ಪುನೇರಳೆಯನ್ನು ತೊಳೆಯಲಾಗುತ್ತದೆಯೇ? ಒಂದು ಎಕರೆ ಸೊಪ್ಪು. ತೊಳೆದರೂ ಒದ್ದೆ ಸೊಪ್ಪು ಹಾಕಿದರೆ ಹುಳಕ್ಕೆ ರೋಗ ಹಿಡಿಯುತ್ತದೆ. ಒಣ ಸೊಪ್ಪು ಹಾಕಿದರೆ ಧೂಳು. ಹುಳಗಳು ಸೊಪ್ಪಿನ ಅಂಚಿಗೆ ಬಾಯಿಟ್ಟು ಹಿಂದಕ್ಕೆ ಸರಿಯುತ್ತಿದ್ದವು. ಕೊನೆಯ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಕಳಚಿದ ಹುಳ ಸೊಪ್ಪು ತಿನ್ನುವಾಗ ಮಳೆ ಬಂದಂತೆ ಸದ್ದಾಗಬೇಕು. ಆ ವರ್ಷ ತಟ್ಟೆಗಳ ಮುಂದೆ ನಿಂತರೆ ಏನೂ ಕೇಳುತ್ತಿರಲಿಲ್ಲ. ಕಟ್ಟಿದ ಗೂಡು ಒತ್ತಿದರೆ ಕಾಗದದಂತೆ ಒಳಗೆ ಹೋಗುತ್ತಿತ್ತು.

ಲತಾಮಣಿ ಮನೆಮನೆ ತಿರುಗಿ ಸಹಿ ಹಾಕಿಸಿ, ಹೆಬ್ಬೆಟ್ಟು ಒತ್ತಿಸಿ ಬೆಂಗಳೂರಿಗೆ ಅರ್ಜಿ ಕಳಿಸಿದಳು. ಪರಿಸರದ ಸಾಹೇಬರು ಬಂದು ನೋಡುತ್ತಾರೆ ಎಂಬ ಸುದ್ದಿ ಬಂತು. ಯಾವತ್ತು ಎಂದು ಮಾತ್ರ ತಿಳಿಯಲಿಲ್ಲ. "ಬರ್ಲಿ. ಆ ಸೊಪ್ಪನ್ನ ಒಂದ್ಸಲ ಅವ್ರು ಕೈಲಿ ಹಿಡುದ್ರೆ ಸಾಕು, ನಾನ್ ಬಾಯೇ ಬಿಡಲ್ಲ," ಎಂದು ಗಂಡನಿಗೆ ಹೇಳಿದಳು. ಆ ಒಂದು ನೋಟಕ್ಕಾಗಿ ಅವಳು ಆಷಾಢವಿಡೀ ಕಾದಳು, ಶ್ರಾವಣವಿಡೀ ಕಾದಳು.

ಗೌರಿಹಬ್ಬಕ್ಕೆ ಇನ್ನೆರಡು ದಿನವಿರುವಾಗ, ಸಂಜೆ, ಜಯಕುಮಾರನ ಹೆಂಡತಿ ಭಾನುಪ್ರಿಯ ಕುಂಕುಮದ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. ತಲೆಗೆ ಸ್ನಾನ ಮಾಡಿ, ಹೊಸ ಸೀರೆಯುಟ್ಟು.

"ಅಕ್ಕ, ಫ್ಯಾಕ್ಟ್ರಿಲಿ ಗಣಪತಿ ಕೂರಿಸ್ತಾವ್ರೆ. ಗೌರಮ್ಮುನ್ನೂ ಕೂರಿಸ್ತಾರಂತೆ. ಮುಂದ್ಗಡೆ ಸಾಲಾಗಿ ಹೂವಿನ್ ಗಿಡ ಇದ್ರೆ ಲಕ್ಷಣ ಅಂತ. ಕಿತ್ತ್ ಹೂವು ಬ್ಯಾಡ್ವಂತೆ, ಗಿಡನೇ ಬೇಕಂತೆ. ದೇವ್ರಿಗೆ ಕೇಳ್ತಾ ಇವ್ನಿ, ಇಲ್ಲ ಅನ್ಬ್ಯಾಡ."

ಆ ಸೀಮೆಯ ಹೆಂಗಸರಲ್ಲಿ ಒಂದು ಕಟ್ಟಳೆಯಿದೆ. ಮುತ್ತೈದೆ ಕುಂಕುಮ ಹಿಡಿದು ಬಂದು ದೇವರ ಹೆಸರಲ್ಲಿ ಹೂವನ್ನೋ ಸಸಿಯನ್ನೋ ಕೇಳಿದರೆ ಇಲ್ಲ ಅನ್ನಬಾರದು. ಅರಿಶಿನ ಕುಂಕುಮ ಇಟ್ಟು ಕೊಟ್ಟದ್ದನ್ನು ಹಿಂದಕ್ಕೆ ಕೇಳಬಾರದು. ಲತಾಮಣಿ ಒಮ್ಮೆ ಬೇಲಿಯಾಚೆಯ ಯೂನಿಟ್ಟಿನ ಕಡೆ ನೋಡಿದಳು. ಆಮೇಲೆ, ದೇವರು ಯಾರ ಮನೆಯಲ್ಲಿ ಕೂತರೂ ದೇವರೇ ಅಲ್ಲವೇ ಅಂದುಕೊಂಡಳು. ಕಲ್ಲು ಕೊಯ್ಯುವವರಿಗೂ ಆ ಗೌರಮ್ಮ ಬುದ್ಧಿ ಕೊಡಲಿ.

ಅವಳು ಕೊಟ್ಟದ್ದು ಬೇಕಾಬಿಟ್ಟಿಯಾಗಿಯಲ್ಲ. ದೀಪ ಹಚ್ಚುವ ಮೊದಲೇ ಮುಗಿಸಬೇಕೆಂದು ಸೆರಗು ಸಿಕ್ಕಿಸಿ ಕೂತು, ಬೇರಿನ ಸುತ್ತ ಅಗಲವಾಗಿ ಅಗೆದು, ಮಣ್ಣಿನ ಹೆಂಟೆ ಒಡೆಯದಂತೆ ಒಂದೊಂದನ್ನೂ ಒದ್ದೆ ಗೋಣಿಗೆ ಸುತ್ತಿದಳು. ಮೊದಲ ಗಿಡಕ್ಕೆ ಅರಿಶಿನ ಕುಂಕುಮ ಹಚ್ಚಿ ಭಾನುಪ್ರಿಯಳ ಮಡಿಲಿಗಿಟ್ಟಳು. "ನಾಳೆ ಪೂರ್ತಿ ನೆರಳು ಮಾಡು ಅನ್ನು. ತಲೆ ಬಗ್ಗಿಸ್ತವೆ, ಹೆದ್ರಬ್ಯಾಡಿ. ನಾಳಿದ್ದುಕ್ ಎದ್ದೇಳ್ತವೆ," ಎಂದು ಕಳಿಸಿದಳು. ಚೆನ್ನಾದವೆಲ್ಲ ಹೋದವು. ಪಟ್ಟೆಯಲ್ಲಿ ಗುಂಡಿಗಳೂ ಒಂದಿಷ್ಟು ಎಳೆಗಿಡಗಳೂ ಉಳಿದವು. ಆದರೂ ಆ ಸಂಜೆ, ಬಹಳ ದಿನದ ಮೇಲೆ, ಅವಳ ಮನಸ್ಸು ಹಗುರಾಗಿತ್ತು.

ಮಾರನೆಯ ಮಧ್ಯಾಹ್ನ ಆಡು ಮೇಯಿಸಿಕೊಂಡು ಬಂದ ದೊಡ್ಡಮುನಿಯಪ್ಪ ಜಗಲಿಯ ಮೇಲೆ ಕೂತು ನೀರು ಕೇಳಿದ. ಎಂಬತ್ತರ ಹತ್ತಿರದ ಮುದುಕ, ಊರಿನ ಸುದ್ದಿಯೆಲ್ಲ ಅವನ ಆಡುಗಳ ಹಿಂದೆಯೇ ತಿರುಗುತ್ತಿತ್ತು.

"ಏನವ್ವ ಲತಮ್ಮ, ಅರ್ಜಿ ಗಿರ್ಜಿ ಎಲ್ಲಾ ಬುಟ್ಬುಟ್ಟೇನು? ರಾಜಿ ಆಗೋದ್ಯಂತಲ್ಲ!"

"ಯಾರ್ ತಾತ ಹೇಳಿದ್ದು?"

"ಇನ್ಯಾರು, ನಿನ್ ಮೈದ್ನ. ಟೀ ಅಂಗ್ಡಿಲಿ ಎದೆ ಉಬ್ಬುಸ್ಕೊಂಡ್ ಯೋಳ್ತಿದ್ದ. ನಾಳಿಕ್ ಸಾಹೇಬ್ರು ಬತ್ತಾರೆ, ಗೇಟಿನ್ ಮುಂದೆ ನಮ್ಮತ್ಗೆ ಹೂವೇ ನಗ್ತಾ ನಿಂತವೆ, ಧೂಳು ಎಲ್ಲೈತೆ ಸ್ವಾಮಿ ಅಂತ ಕೇಳ್ತೀನಿ ಅಂತ."

ಲತಾಮಣಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಚೊಂಬು ಅಲ್ಲೇ ಬಿತ್ತು. ಹಬ್ಬದ ದಿನವೇ ಅಧಿಕಾರಿ ಬರುತ್ತಾನೆ. ಗೇಟಿನಲ್ಲಿ ಅವನಿಗೆ ಸಿಕ್ಕುವುದು ಅವಳು ದಿನವೂ ತೊಳೆದು ಒರೆಸಿದ ಎಲೆ, ಅವಳು ಬೆಳೆಸಿದ ಹೂ. ಅವಳ ಅರ್ಜಿಗೆ ಎದುರಾಗಿ ಸಾಕ್ಷಿ ಹೇಳುವುದು ಅವಳದೇ ಗಿಡಗಳು. ಬೇಲಿಯ ಈಚೆ ಬೂದುಬಣ್ಣಕ್ಕೆ ತಿರುಗಿದ ಸೊಪ್ಪನ್ನು ಇನ್ನು ಯಾರು ಬಂದು ನೋಡುತ್ತಾರೆ?

ಅವಳು ಚಪ್ಪಲಿ ಮೆಟ್ಟದೆ ಜಯಕುಮಾರನ ಮನೆಗೆ ನಡೆದಳು. ಭಾನುಪ್ರಿಯ ಒರಳಿನ ಮುಂದೆ ಕೂತು ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು.

"ಗಣಪತಿ ಎಲ್ ಕೂರಿಸ್ತಾವ್ರೆ ಭಾನು?"

"ಬಾ ಅಕ್ಕ, ಕೂತ್ಕೊ, ಒಸಿ ಹೂರಣ ತಿಂದ್..."

"ಕೂತ್ಕಳಕ್ ಬಂದಿಲ್ಲ. ಗಣಪತಿ ಎಲ್ಲಿ?"

"ತತ್ತಾರಂತೆ."

"ಯಾವಾಗ? ಸಾಹೇಬ್ರು ಬಂದೋದ್ ಮ್ಯಾಲಾ?"

ಗುಂಡುಕಲ್ಲು ನಿಂತಿತು. ಭಾನುಪ್ರಿಯ ಕೈಗೆ ಹತ್ತಿದ ಹೂರಣವನ್ನು ಒರಳಿನ ಅಂಚಿಗೆ ಒರೆಸುತ್ತಾ ಕೂತಳು. "ನಾನೇನ್ ಮಾಡ್ಲಕ್ಕ. ಸುಮ್ಕೆ ಕೇಳುದ್ರೆ ಅತ್ಗೆ ಕೊಡಲ್ಲ, ದೇವ್ರ ಹೆಸ್ರಲ್ಲಿ ಕೇಳು, ಇಲ್ಲ ಅನ್ನಲ್ಲ ಅಂದ್ರು."

"ನಿಂಗ್ ಗೊತ್ತಿತ್ತಾ?"

"ಗೊತ್ತಿತ್ತು."

ಇಲ್ಲ ಅಂದಿದ್ದರೆ ಲತಾಮಣಿ ಬೈದು ಬರುತ್ತಿದ್ದಳೇನೋ. ಗೊತ್ತಿತ್ತು ಅಂದದ್ದಕ್ಕೆ ಬಂದ ದಾರಿಯಲ್ಲೇ ತಿರುಗಿ ನಡೆದಳು. ತಲೆಸ್ನಾನ ಮಾಡಿ ಬಂದಿದ್ದಳಲ್ಲ ಇವಳು! ಬಟ್ಟಲು ಹಿಡಿದು, ಕಣ್ಣು ತಗ್ಗಿಸಿ! ಹಿಡಿಯಿರುವ ಪಾತ್ರೆಯನ್ನು ಹಿಡಿಯಲ್ಲೇ ಎತ್ತುವಂತೆ, ತನ್ನ ಭಕ್ತಿಯನ್ನೇ ಹಿಡಿದು ತನ್ನನ್ನು ಎತ್ತಿಕೊಂಡು ಹೋದರಲ್ಲ!

ಮನೆಗೆ ಬಂದಾಗ ತಿಮ್ಮಯ್ಯನಿಗೂ ಸುದ್ದಿ ಮುಟ್ಟಿತ್ತು. ಅವನು ಗುದ್ದಲಿ ತೆಗೆದ. "ನಡಿ. ಈಗ್ಲೇ ಹೋಗಿ ಎಲ್ಲಾ ಕಿತ್ತಾಕ್ಬುಡಣ."

"ಕುಂಕುಮ ಇಟ್ ಕೊಟ್ಟಿವ್ನಿ."

"ಅವ್ರು ಸುಳ್ ಹೇಳಿ ಈಸ್ಕಂಡವ್ರೆ ಕಣೇ!"

"ಸುಳ್ ಹೇಳಿದ್ದು ಅವ್ರು. ಕುಂಕುಮ ಇಟ್ಟಿದ್ದು ನಾನು. ಹೂ ಬುಟ್ಟಿರೋ ಗಿಡನ ಕೀಳಕ್ಕೆ ನನ್ ಕೈಲಾಗಲ್ಲ. ನೀನೂ ಕೀಳ್ಬ್ಯಾಡ."

"ಹಂಗಾರೆ ಸೊಪ್ಪು? ಹುಳ?" ಅಂದ ತಿಮ್ಮಯ್ಯ. ಅವನು ಗುದ್ದಲಿಯನ್ನು ಗೋಡೆಗೆ ಎಸೆದು ಹೊರಗೆ ಹೋದ.

ಅವಳು ದೇವರ ಗೂಡಿನ ಮುಂದೆ ಕೂತಳು. ಬೇರೆ ದಿನ ಕಣ್ಣು ಮುಚ್ಚಿ ಕೂರುವವಳು ಅವತ್ತು ಕಣ್ಣು ಬಿಟ್ಟುಕೊಂಡೇ ಕೂತಳು. "ನಿನ್ ಹೆಸ್ರೇಳ್ಕೊಂಡ್ ಬಂದ್ರಲ್ಲ, ನಿಂಗೇನೂ ಅನ್ನುಸ್ಲಿಲ್ವ?" ಅಂದಳು. "ನಾನ್ ಕೊಟ್ಟಿದ್ದು ನಿಂಗೆ. ಅವ್ರಿಗಲ್ಲ." ಜಗಳ ತೆಗೆದವಳಂತೆ ಅದೇ ಮಾತನ್ನು ಮತ್ತೆ ಮತ್ತೆ ಹೇಳಿದಳು. ಹೇಳುತ್ತಾ ಹೇಳುತ್ತಾ, ತಾನು ಏನು ಹೇಳುತ್ತಿದ್ದೇನೆ ಎಂಬುದು ಅವಳ ಕಿವಿಗೇ ಬಿತ್ತು. ಕೊಟ್ಟದ್ದು ಗೌರಿಗೆ ತಾನೇ? ಹಾಗಾದರೆ ಹೂ ಗೌರಿಗೇ ಸೇರಬೇಕು.

ಹಬ್ಬದ ಬೆಳಿಗ್ಗೆ ಮಿಂದು, ಮಡಿಯುಟ್ಟು, ಅರಿಶಿನದ ಗೌರಮ್ಮನನ್ನು ಮಣೆಯ ಮೇಲಿಟ್ಟಳು. ಹೂವಿಲ್ಲದೆ. ಆಮೇಲೆ ಬಿದಿರಿನ ಹೂಬುಟ್ಟಿ ಹಿಡಿದು ಯೂನಿಟ್ಟಿನ ದಾರಿ ಹಿಡಿದಳು. ತಿಮ್ಮಯ್ಯ ಹಿಂದೆ ಬಂದ. ಗೇಟಿನ ಹತ್ತಿರ ಜೀಪು ನಿಂತಿತ್ತು. ಅವತ್ತು ಬೆಳಗಿನಿಂದ ಯಂತ್ರಗಳನ್ನು ನಿಲ್ಲಿಸಿದ್ದರು. ಹಕ್ಕಿಯ ಸದ್ದು ಕೇಳುವಷ್ಟು ನಿಶ್ಶಬ್ದ. ಗೇಟಿನ ಒಳಗೆ ಎರಡು ಕಡೆ ಸಾಲಾಗಿ ಅವಳ ಗಿಡಗಳು. ತಲೆಯೆತ್ತಿ ನಿಂತಿದ್ದವು. ಒಂದೂ ಸತ್ತಿರಲಿಲ್ಲ. ಬೇರಿನ ಮಣ್ಣು ಒಡೆಯದಂತೆ ಅಗೆದ ತನ್ನ ಕೈಯನ್ನೇ ಕಚ್ಚಿಕೊಳ್ಳಬೇಕು ಅನ್ನಿಸಿತು ಅವಳಿಗೆ.

ಅಧಿಕಾರಿ ನಡುವಯಸ್ಸಿನವರು, ಕೈಯಲ್ಲಿ ಫೈಲು. ಪಕ್ಕದಲ್ಲಿ ಜಯಕುಮಾರ್ ಬಗ್ಗಿ ಜೀನಿಯಾ ಒಂದನ್ನು ಬೆರಳಿನಲ್ಲಿ ಎತ್ತಿ ತೋರಿಸುತ್ತಿದ್ದ. "ನೀವೇ ನೋಡಿ ಸಾರ್. ಧೂಳಿದ್ರೆ ಹೂವು ಹಿಂಗ್ ಬಿಡ್ತವಾ? ಊರೋರಿಗೆ ಹೊಟ್ಟೆಕಿಚ್ಚು ಸಾರ್, ಅಷ್ಟೇಯ."

ಲತಾಮಣಿ ಯಾರಿಗೂ ಏನೂ ಹೇಳದೆ ಸಾಲಿನ ತುದಿಯಲ್ಲಿ ಕೂತು ಹೂ ಕೊಯ್ಯತೊಡಗಿದಳು. ಮೊದಲು ಗೌರಿಹೂ. ಆಮೇಲೆ ಜೀನಿಯಾ. ಒಂದೂ ಬಿಡದೆ.

"ಏಯ್ ಅತ್ಗೆ! ಏನ್ ಮಾಡ್ತಿದ್ದೀಯಾ?" ಜಯಕುಮಾರ್ ಓಡಿ ಬಂದ. ದನಿ ತಗ್ಗಿಸಿದ. "ಕುಂಕುಮ ಇಟ್ ಕೊಟ್ಟಿದ್ದ ವಾಪಸ್ ಈಸ್ಕತಾರಾ? ನಿಂಗ್ ನಾನ್ ಹೇಳ್ಕೊಡ್ಬೇಕಾ?"

"ಗಿಡ ಕೇಳ್ತಾ ಇಲ್ಲ ಕಣಪ್ಪ. ಗಿಡ ನಿಂದೇ, ಮಡಿಕ್ಕೊ." ಅವಳು ತಗ್ಗಿಸಲಿಲ್ಲ, ಗೇಟಿನಾಚೆಗೂ ಕೇಳುವಂತೆ ಹೇಳಿದಳು. "ಹೂವು ದೇವ್ರುದು. ಗಣಪತಿ ಕೂರಿಸ್ತೀವಿ, ಗೌರಮ್ಮುನ್ ಕೂರಿಸ್ತೀವಿ ಅಂತ ನಿನ್ ಹೆಂಡ್ತಿನ ಕಳಿಸ್ದೆ. ಎಲ್ಲಪ್ಪ ದೇವ್ರು? ತೋರ್ಸು. ಅಲ್ಲೇ ಪೂಜೆ ಮಾಡ್ಬುಟ್ಟು ಹೋಯ್ತೀನಿ."

"ಏನಿದು?" ಅಂದರು ಅಧಿಕಾರಿ.

"ನಮ್ಮೋರೇ ಸಾರ್. ಒಸಿ ತಲೆ ಸರಿ ಇಲ್ಲ."

ಲತಾಮಣಿ ಎದ್ದು ನಿಂತಳು. "ಹೂಂ ಕಣೋ, ತಲೆ ಸರಿಗಿದ್ದಿದ್ರೆ ನಿಂಗ್ ಕೊಡ್ತಿದ್ನಾ? ನನ್ ಬಾಗ್ಲಲ್ ಉಂಡೋನು, ನನ್ ದೇವ್ರುನ್ನೇ ಅಡವಿಟ್ಟಲ್ಲೋ! ನಾಳಿಕ್ ಆ ಗಣಪತಿ ಮುಂದೆ ಯಾವ್ ಮುಖ ಇಟ್ಕೊಂಡ್ ಕರ್ಪೂರ ಹಚ್ಚೀಯೆ?" ಅಧಿಕಾರಿಯ ಕಡೆ ತಿರುಗಿದಳು. "ಅರ್ಜಿ ಹಾಕಿದ್ದು ನಾನೇ ಸ್ವಾಮಿ. ಈ ಗಿಡ ಮೊನ್ನೆ ಸಂಜೆ ಗಂಟ ನನ್ ಬಾಗ್ಲಲ್ಲಿದ್ವು. ದಿನಾ ತೊಳೀತಿದ್ದೆ, ಅದ್ಕೆ ಹಿಂಗವೆ. ತೊಳೀದೇ ಇರೋದ ನೋಡೋಹಂಗಿದ್ರೆ ಬನ್ನಿ. ಇಲ್ಲಾಂದ್ರೆ ಹೂ ನೋಡ್ಬುಟ್ಟು ಹೊಂಟೋಗಿ. ನಂಗ್ ಪೂಜೆಗೆ ಹೊತ್ತಾಯ್ತಾ ಐತೆ."

ಅಧಿಕಾರಿ ನೆಲ ನೋಡಿದರು. ಹೂವಿಲ್ಲದ ಗಿಡಗಳ ಬುಡದಲ್ಲಿ ಮಣ್ಣು ಇನ್ನೂ ಕಪ್ಪಗೆ, ಸಡಿಲವಾಗಿತ್ತು. ಅವರು ಗಡಿಯಾರ ನೋಡಿಕೊಂಡರು. ಜಯಕುಮಾರ್ "ಸಾರ್, ಒಳಗೆ ತಿಂಡಿ..." ಅಂದ.

"ನಿಮ್ಮ ಮನೆ ಎಲ್ಲಮ್ಮ?"

"ಆ ಬೇಲಿ ಆಚೆ."

ಅವರು ನಡೆದುಕೊಂಡೇ ಬಂದರು. ಹೊಲದ ಬದುವಿನಲ್ಲಿ ನಿಂತು ಹಿಪ್ಪುನೇರಳೆಯ ಒಂದು ರೆಂಬೆಯನ್ನು ಬಗ್ಗಿಸಿ ಬಿಟ್ಟರು. ಬಿಳಿ ಪುಡಿ ಅವರ ಕಪ್ಪು ಪ್ಯಾಂಟಿನ ಮೇಲೆ ಸುರಿಯಿತು. ಕೈಯಿಂದ ಕೊಡವಿದರು, ಹೋಗಲಿಲ್ಲ, ಇನ್ನಷ್ಟು ಹರಡಿತು. ತಿಮ್ಮಯ್ಯ ಮನೆಯೊಳಗೆ ಕರೆದೊಯ್ದು ಹುಳದ ತಟ್ಟೆಗಳನ್ನು ತೋರಿಸಿದ. ಲತಾಮಣಿ ಹೇಳಿದಂತೆಯೇ ಬಾಯಿ ಬಿಡಲಿಲ್ಲ. ಬಿಟ್ಟರೆ ಏನು ಬರುತ್ತದೋ ಎಂದು ಅವಳಿಗೇ ಭಯವಾಗಿತ್ತು.

"ಬರೆದುಕೊಂಡಿದ್ದೀನಮ್ಮ," ಎಂದರು ಅಧಿಕಾರಿ, ಹೋಗುವಾಗ. ಅವಳು ತಲೆಯಾಡಿಸಿದಳು, ನಂಬಲಿಲ್ಲ. ಒಳಗೆ ಹೋಗಿ ಬುಟ್ಟಿ ತುಂಬ ಹೂವನ್ನು ಗೌರಮ್ಮನಿಗೆ ಸುರಿದಳು. ಅರಿಶಿನದ ಆ ಪುಟ್ಟ ಗೌರಿ ಹೂವಿನಲ್ಲಿ ಮುಚ್ಚಿಯೇ ಹೋದಳು.

ಸಂಜೆ ಹೆಂಗಸರು ಕುಂಕುಮಕ್ಕೆ ಬಂದರು. ಕಡೆಯಲ್ಲಿ ಭಾನುಪ್ರಿಯಳೂ ಬಂದಳು. ಕಣ್ಣು ಊದಿತ್ತು. "ಇವ್ರುನ್ನ ಕೆಲ್ಸದಿಂದ ತೆಗೀತಾರಂತೆ ಅಕ್ಕ. ನೀನೊಂದ್ ಮಾತ್ ಹೇಳುದ್ರೆ..." ಅಂದಳು.

ಲತಾಮಣಿ ಅವಳ ಹಣೆಗೆ ಕುಂಕುಮವಿಟ್ಟಳು, ಕೆನ್ನೆಗೆ ಅರಿಶಿನ ಹಚ್ಚಿದಳು, ಎಲೆಅಡಿಕೆ ಕೊಟ್ಟಳು. ಯಾವುದನ್ನೂ ಕಡಿಮೆ ಮಾಡಲಿಲ್ಲ. "ಕುಂಕುಮ ಗೌರಮ್ಮುಂದು, ತಗೊ," ಅಂದಳು. "ಮಾತು ನಂದು. ಕೊಡಲ್ಲ."

ಜಯಕುಮಾರನ ಕೆಲಸ ಹೋಗಲಿಲ್ಲ. ಹಾಗಂತ ಅಧಿಕಾರಿ ಬರೆದುಕೊಂಡದ್ದೂ ವ್ಯರ್ಥವಾಗಲಿಲ್ಲ. ದೀಪಾವಳಿಯ ಹೊತ್ತಿಗೆ ಕಲ್ಲು ಕೊಯ್ಯುವಲ್ಲಿ ನೀರು ಹಾಯಿಸುವ ಕೊಳವೆ ಬಂತು. ಬೇಲಿಯುದ್ದಕ್ಕೂ ಮನೆಯ ಸೂರನ್ನು ಮೀರಿದ ಎತ್ತರಕ್ಕೆ ತಗಡಿನ ಗೋಡೆ ಎದ್ದಿತು. ಸೊಪ್ಪು ಮೆಲ್ಲಮೆಲ್ಲನೆ ಹಸಿರಿಗೆ ತಿರುಗಿತು. ಮುಂದಿನ ಬೆಳೆಯಲ್ಲಿ ಹುಳ ತಿನ್ನುವ ಸದ್ದು ಅಡಿಗೆಮನೆಯವರೆಗೂ ಕೇಳಿತು. ತಿಮ್ಮಯ್ಯ ತಟ್ಟೆಗಳ ನಡುವೆ ನಿಂತು ಸುಮ್ಮನೆ ನಗುತ್ತಿದ್ದ.

ಆದರೆ ಲತಾಮಣಿಯ ಹೂವಿನ ಪಟ್ಟೆ ಮನೆಯ ಪಡುವಲಿಗಿತ್ತು. ಬೆಳಗಿನ ಬಿಸಿಲಿಗೆ ಮನೆಯೇ ಅಡ್ಡ. ಅಲ್ಲಿಗೆ ಬೀಳುತ್ತಿದ್ದದ್ದು ಮಧ್ಯಾಹ್ನ ತಿರುಗಿದ ಮೇಲಿನ ಬಿಸಿಲು. ಈಗ ಅದಕ್ಕೆ ತಗಡು ಅಡ್ಡ. ಮರುವರ್ಷ ಕಾರಹುಣ್ಣಿಮೆಗೆ ಬಿತ್ತಿದ ಜೀನಿಯಾ ಬಿಸಿಲು ಹುಡುಕಿಕೊಂಡು ಸಣಕಲಾಗಿ ಉದ್ದ ಬೆಳೆದು, ಮೊಗ್ಗು ಬಿಡದೆ ಅಡ್ಡಬಿತ್ತು. ಕೋಳಿಜುಟ್ಟು ಬಟ್ಟೆಯ ಗುಂಡಿಯಷ್ಟೇ ಆಯಿತು.

ಜಗಲಿಯ ಮೇಲೆ ಕೂತ ದೊಡ್ಡಮುನಿಯಪ್ಪ ಅದನ್ನು ನೋಡಿ ಬೊಚ್ಚುಬಾಯಲ್ಲಿ ನಕ್ಕ. "ಇನ್ನೊಂದ್ ಅರ್ಜಿ ಬರ್ಸವ್ವ. ಬಿಸ್ಲು ಬೇಕು ಸ್ವಾಮಿ ಅಂತ."

"ಬರುಸ್ತೀನಿ ಕಣ್ ತಾತ. ನೀನೇ ಮೊದ್ಲು ಹೆಬ್ಬೆಟ್ಟೊತ್ಬೇಕು," ಅಂದಳು ಲತಾಮಣಿ. ಅವಳು ನಗಲಿಲ್ಲ.

ಅವತ್ತಿನಿಂದ ಅವಳಿಗೊಂದು ರೂಢಿಯಾಯಿತು. ಬೆಳಿಗ್ಗೆ ಬಾಗಿಲು ಸಾರಿಸಿ, ರಂಗೋಲಿಯಿಟ್ಟು, ಒಳಗೆ ಹೋಗುವ ಮೊದಲು ತಗಡಿನ ಗೋಡೆಯ ಹತ್ತಿರ ಹೋಗಿ ಅಂಗೈಯಿಂದ ಬಲವಾಗಿ ಒಂದೇಟು ಬಡಿಯುತ್ತಾಳೆ. ಅದು ಗುಡುಗಿನಂತೆ ಉದ್ದಕ್ಕೂ ದಡದಡಿಸಿಕೊಂಡು ಹೋಗುತ್ತದೆ. ಆಚೆ ಕಡೆ ಕಲ್ಲಿನ ಚಪ್ಪಡಿಗಳ ಮೇಲೆ ಮಲಗಿರುವ ಕೆಲಸದವರು ಮಗ್ಗುಲಾಗಿ, "ಏಳ್ರಲಾ, ಲತಕ್ಕ ಎದ್ರು," ಅಂದುಕೊಂಡು ಹಲ್ಲುಜ್ಜಲು ಹೋಗುತ್ತಾರೆ.